ತೀರಿಹೋದ ನಟ 'ಒಲ್ಲೆ' ಎನ್ನುವುದು ಹೇಗೆ?

ಪ್ರಶ್ನೆ: ಕೃತಕ ಬುದ್ಧಿಮತ್ತೆಯ ನೆರವಿನಿಂದ, ತೀರಿಹೋದ ನಟರನ್ನು ಹೊಸ ಸಿನಿಮಾಗಳಲ್ಲಿ ಮರುಸೃಷ್ಟಿಸುತ್ತಿದ್ದಾರೆ ಎಂದು ಓದುತ್ತಿದ್ದೇವೆ. ಕುಟುಂಬದವರೇ ಒಪ್ಪಿಗೆ ಕೊಟ್ಟ ಮೇಲೆ ಅದನ್ನು ತಪ್ಪೆನ್ನಲು ಕಾರಣವಿದೆಯೇ? ಪರದೆಯ ಮೇಲೆ ನಾವು ಕಾಣುವ ಅಭಿನಯ ನಿಜಕ್ಕೂ ಯಾರದು?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಮೊದಲನೆಯದಕ್ಕೆ ದಾರಿ ಅಲ್ಲಿಂದಲೇ ಸಿಗುತ್ತದೆ. 1994ರಲ್ಲಿ ನಿಧನರಾದ ಬ್ರಿಟಿಷ್ ನಟ ಪೀಟರ್ ಕುಶಿಂಗ್ 'ಸ್ಟಾರ್ ವಾರ್ಸ್' ಸರಣಿಯ 2016ರ 'ರೋಗ್ ಒನ್' ಚಿತ್ರದಲ್ಲಿ ಮತ್ತೆ ಕಾಣಿಸಿಕೊಂಡರು. ಆದರೆ ಸೆಟ್ಟಿನಲ್ಲಿ ನಿಂತು, ನಡೆದು, ಸಂಭಾಷಣೆ ಹೇಳಿದವರು ಗೈ ಹೆನ್ರಿ ಎಂಬ ಇನ್ನೊಬ್ಬ ನಟ. ಅವರ ಮುಖದ ಚಲನೆಗಳನ್ನು ತಲೆಗೆ ಕಟ್ಟಿದ ಕ್ಯಾಮೆರಾ ದಾಖಲಿಸಿಕೊಂಡಿತು. ಆ ಚಲನೆಗಳ ಮೇಲೆ ಕುಶಿಂಗ್ ಅವರ ಮುಖವನ್ನು ಕಂಪ್ಯೂಟರ್ ಕಲಾವಿದರು ಹೊದಿಸಿದರು. ಇಂದಿನ ಕೃತಕ ಬುದ್ಧಿಮತ್ತೆಯ ವಿಧಾನದಲ್ಲಿ ಕೈಕೆಲಸ ಕಡಿಮೆ: ನಟನ ಹಳೆಯ ಚಿತ್ರಗಳಿಂದ ಬೇರೆ ಬೇರೆ ಕೋನ, ಬೆಳಕು, ಭಾವಗಳ ಸಾವಿರಾರು ಫ್ರೇಮ್‌ಗಳನ್ನು ಆರಿಸಿ ಯಂತ್ರಕ್ಕೆ ಕಲಿಸಿದರೆ, ಅದು ಬದಲಿ ನಟನ ಮುಖದ ಜಾಗದಲ್ಲಿ ಮೂಲ ನಟನ ಮುಖವನ್ನು ಒಂದೊಂದು ಫ್ರೇಮಿನಲ್ಲೂ ಕೂರಿಸುತ್ತದೆ. ಸೆಕೆಂಡಿಗೆ 24 ಫ್ರೇಮ್‌ಗಳಂತೆ ಎರಡು ನಿಮಿಷದ ದೃಶ್ಯಕ್ಕೆ 2,880 ಬಾರಿ ಈ ಕೆಲಸ ನಡೆಯಬೇಕು. ಹೀಗಾಗಿ ತೆರೆಯ ಮೇಲೆ ಕಾಣುವ ಉಸಿರು, ಹಿಂಜರಿಕೆ, ಮಾತಿನ ನಡುವಿನ ಮೌನ ಬದಲಿ ನಟನವು. ಚಹರೆ ಮಾತ್ರ ತೀರಿಹೋದವರದು. ಆ ಬದಲಿ ನಟನ ಹೆಸರನ್ನು ಎಷ್ಟು ಮಂದಿ ನೆನಪಿಟ್ಟುಕೊಳ್ಳುತ್ತಾರೆ ಎಂದು ಯೋಚಿಸಿದಾಗಲೆಲ್ಲ ನನಗೆ ನೋವಾಗುತ್ತದೆ.

ಇನ್ನು ಕುಟುಂಬದ ಒಪ್ಪಿಗೆಯ ವಿಷಯ. ಅರ್ಧಕ್ಕೆ ನಿಂತ ಚಿತ್ರವನ್ನು ಮುಗಿಸುವುದನ್ನು ನಾನು ತಪ್ಪೆನ್ನಲಾರೆ. ಹಾಲಿವುಡ್ ನಟ ಪಾಲ್ ವಾಕರ್ 2013ರಲ್ಲಿ ಅಪಘಾತದಲ್ಲಿ ಸತ್ತಾಗ 'ಫ್ಯೂರಿಯಸ್ 7' ಚಿತ್ರೀಕರಣ ಇನ್ನೂ ನಡೆದಿತ್ತು. ಉಳಿದ ದೃಶ್ಯಗಳಲ್ಲಿ ಅವರ ಸಹೋದರರಿಬ್ಬರು ಬದಲಿಯಾಗಿ ನಿಂತರು, ಮುಖವನ್ನು ಕಂಪ್ಯೂಟರ್ ಕೂಡಿಸಿತು. ಆ ಪಾತ್ರವನ್ನು ವಾಕರ್ ತಾವೇ ಒಪ್ಪಿಕೊಂಡಿದ್ದರು. ಹೊಚ್ಚ ಹೊಸ ಪಾತ್ರದ ಮಾತು ಬೇರೆ. ಕಥೆ ಕೇಳಿ, ಇದು ನನಗೆ ಒಗ್ಗುವುದಿಲ್ಲ ಎಂದು ವಾಪಸು ಕಳಿಸುವುದೂ ನಟನ ಕಸುಬಿನ ಭಾಗ. ಮನೆ, ಹಣ, ಹಕ್ಕುಸ್ವಾಮ್ಯಗಳಂತೆ ಆ ವಿವೇಚನೆಯನ್ನು ವಾರಸುದಾರರಿಗೆ ಬರೆದುಕೊಡಲಾಗದು. 2014ರಲ್ಲಿ ತೀರಿಕೊಂಡ ಹಾಲಿವುಡ್ ನಟ ರಾಬಿನ್ ವಿಲಿಯಮ್ಸ್ ಇದನ್ನು ಮೊದಲೇ ಅರಿತವರಂತೆ, ತಮ್ಮ ಮರಣದ ನಂತರ 25 ವರ್ಷಗಳ ಕಾಲ, ಎಂದರೆ 2039ರವರೆಗೆ, ತಮ್ಮ ರೂಪವನ್ನು ಬಳಸಿಕೊಳ್ಳದಂತೆ ಬರೆದಿಟ್ಟು ಹೋದರು. ನಟ ಜೇಮ್ಸ್ ಅರ್ಲ್ ಜೋನ್ಸ್ ಇದಕ್ಕೆ ವಿರುದ್ಧವಾದ ತೀರ್ಮಾನ ಮಾಡಿ, 'ಸ್ಟಾರ್ ವಾರ್ಸ್' ಚಿತ್ರಗಳ ಖಳನಾಯಕ ಡಾರ್ತ್ ವೇಡರ್ ಪಾತ್ರದ ತಮ್ಮ ದನಿಯನ್ನು ಕೃತಕ ಬುದ್ಧಿಮತ್ತೆಯಿಂದ ಮರುಸೃಷ್ಟಿಸಲು ಬದುಕಿರುವಾಗಲೇ ಅನುಮತಿ ಕೊಟ್ಟರು. ಎರಡನ್ನೂ ನಾನು ಸಮಾನವಾಗಿ ಗೌರವಿಸುತ್ತೇನೆ, ಏಕೆಂದರೆ ಎರಡೂ ಅವರವರ ಬಾಯಿಂದ ಬಂದ ಮಾತು. ಅಂಥ ಮಾತು ಇಲ್ಲದ ಕಡೆ ಕುಟುಂಬದ ಒಪ್ಪಿಗೆ ಕಾನೂನಿಗೆ ಸಾಕಾಗಬಹುದು, ನನ್ನ ಮನಸ್ಸಿಗೆ ಸಾಲದು.

ಪ್ರಶ್ನೆ: ಇಂಥ ಮುಖವನ್ನು ಬರಿಗಣ್ಣಿನಿಂದ ಗುರುತಿಸಬಹುದೇ?

ಉತ್ತರ: ಒಳ್ಳೆಯ ಕೆಲಸವಾಗಿದ್ದರೆ ಕಷ್ಟ. ತುಟಿಗಳನ್ನು ನೋಡಿ: ಪ, ಬ, ಮ ಅಕ್ಷರಗಳನ್ನು ಉಚ್ಚರಿಸುವಾಗ ತುಟಿಗಳು ಪೂರ್ತಿ ಕೂಡಲೇಬೇಕು. ಅಲ್ಲಿ ಕೂದಲೆಳೆಯಷ್ಟು ಸಂದು ಉಳಿದಿದ್ದರೆ ಸಂಶಯಪಡಬಹುದು, ಆದರೆ ಡಬ್ ಆದ ಚಿತ್ರಗಳಲ್ಲಿ ಈ ಪರೀಕ್ಷೆ ನಡೆಯದು.

ಪ್ರಶ್ನೆ: ನನ್ನ ಮಗಳು ಸಣ್ಣಪುಟ್ಟ ಪಾತ್ರಗಳನ್ನು ಮಾಡುತ್ತಾಳೆ. ಅವಳ ಮುಖ, ದೇಹವನ್ನು ಸ್ಕ್ಯಾನ್ ಮಾಡಲು ಅನುಮತಿ ಕೇಳುವ ಒಪ್ಪಂದ ಬಂದಿದೆ. ಸಹಿ ಮಾಡಬಹುದೇ?

ಉತ್ತರ: ಒಪ್ಪಂದವನ್ನು ವಕೀಲರಿಗೆ ತೋರಿಸದೆ ಸಹಿ ಮಾಡುವುದು ಬೇಡ ತಾಯಿ. 'ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ' ಎಂಬ ಅರ್ಥದ ಸಾಲು ಎಲ್ಲಿದೆ ಎಂದು ಹುಡುಕಿ. ಸ್ಕ್ಯಾನ್ ಈ ಒಂದು ಚಿತ್ರಕ್ಕೆ ಮಾತ್ರವೇ, ಯಾವ ದೃಶ್ಯಗಳಿಗೆ, ಮತ್ತೆ ಬಳಸಿದರೆ ಬೇರೆ ಸಂಭಾವನೆ ಉಂಟೇ, ಕೆಲಸ ಮುಗಿದ ಮೇಲೆ ಆ ಕಡತ ಯಾರ ಬಳಿ ಉಳಿಯುತ್ತದೆ ಎಂಬುದನ್ನು ಬರಹದಲ್ಲೇ ಕೇಳಿ. ಇದು ಅತಿಯಾದ ಅನುಮಾನವೆಂದು ಯಾರಾದರೂ ಅಂದರೆ ಅಂಜಬೇಡಿ. ಅಮೆರಿಕದ ನಟರ ಸಂಘ 2023ರಲ್ಲಿ 118 ದಿನ ಮುಷ್ಕರ ಹೂಡಿದ್ದಕ್ಕೆ ಇದೂ ಒಂದು ಮುಖ್ಯ ಕಾರಣ: ಒಂದು ದಿನದ ಸಂಬಳಕ್ಕೆ ಸ್ಕ್ಯಾನ್ ಮಾಡಿಸಿಕೊಂಡ, ಗುಂಪಿನ ದೃಶ್ಯಗಳ ಸಹನಟರ ರೂಪವನ್ನು ಎಂದೆಂದಿಗೂ ಬಳಸಿಕೊಂಡಾರು ಎಂಬ ಆತಂಕ. ಆ ಹೋರಾಟದ ಫಲವಾಗಿ ಡಿಜಿಟಲ್ ಪ್ರತಿರೂಪಕ್ಕೆ ಸ್ಪಷ್ಟ ಒಪ್ಪಿಗೆ ಮತ್ತು ಸಂಭಾವನೆ ಬೇಕೆಂಬ ಷರತ್ತುಗಳು ಒಪ್ಪಂದದೊಳಗೆ ಬಂದವು. ಮರುವರ್ಷ ಕ್ಯಾಲಿಫೋರ್ನಿಯಾ ರಾಜ್ಯ ಮಾಡಿದ ಕಾನೂನಿನ ಪ್ರಕಾರ, ಬಳಕೆಯ ಸ್ಪಷ್ಟ ವಿವರವಿಲ್ಲದೆ ಡಿಜಿಟಲ್ ಪ್ರತಿರೂಪಕ್ಕೆ ಅನುಮತಿ ಪಡೆಯುವ ಷರತ್ತು, ಸಹಿ ಹಾಕುವಾಗ ನಟನ ಪರವಾಗಿ ವಕೀಲರಾಗಲಿ ಸಂಘವಾಗಲಿ ಇರದಿದ್ದರೆ, ಊರ್ಜಿತವಾಗುವುದಿಲ್ಲ. ಆ ಕಾನೂನು ನಿಮಗೆ ಅನ್ವಯಿಸದೆ ಇರಬಹುದು. ಅದು ಕೇಳುವ ವಿವರಗಳನ್ನು ನಿಮ್ಮ ಮಗಳೂ ಕೇಳಬಹುದು. ಅವರು ಉತ್ತರ ಬರೆದುಕೊಟ್ಟ ಮೇಲೆ ಸಹಿಯ ಯೋಚನೆ ಮಾಡಿ.