ಪೆಟ್ರೋಲ್ ಕಂಪನಿಯ ಬೋರ್ಡ್ ಊರಿನ ಗುರುತಾಗಿದ್ದು ಹೇಗೆ?

ಪ್ರಶ್ನೆ: ಮಗಳ ಮನೆಗೆಂದು ಬಾಸ್ಟನ್‌ಗೆ ಹೋಗಿದ್ದೆ. ಅಲ್ಲಿನ ಕೆನ್ಮೋರ್ ಸ್ಕ್ವೇರ್‌ನಲ್ಲಿ ಕಟ್ಟಡದ ಮೇಲೆ ಸಿಟ್ಗೋ ಎಂಬ ಪೆಟ್ರೋಲ್ ಕಂಪನಿಯ ದೊಡ್ಡ ದೀಪದ ಬೋರ್ಡ್ ಇದೆ. ಊರಿನ ಹೆಮ್ಮೆ ಅಂತ ಎಲ್ಲರೂ ತೋರಿಸುತ್ತಾರೆ. ಬೆಂಗಳೂರಲ್ಲಿ ಹೋರ್ಡಿಂಗ್ ತೆಗೆಸಿದರೆ ನಮಗೆ ಖುಷಿ. ಜಾಹೀರಾತನ್ನು ಉಳಿಸಿಕೊಳ್ಳುವುದು ಸರೀನಾ? ಅದು ನಿಜವಾದ ನಿಯಾನ್ ದೀಪವೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಸರಿ ಅಂತಲೇ ನನಗನ್ನಿಸುತ್ತದೆ. ಮೊದಲು ದೀಪದ ವಿಷಯ. ಈಗ ಅಲ್ಲಿರುವುದು ನಿಯಾನ್ ಅಲ್ಲ, 2005ರಲ್ಲಿ ಎಲ್ಇಡಿ ಹಾಕಿದರು. ನಿಯಾನ್ ಅಂದರೆ ಗಾಜಿನ ಕೊಳವೆಯನ್ನು ಬೆಂಕಿಯಲ್ಲಿ ಕಾಯಿಸಿ, ಕೈಯಲ್ಲೇ ಅಕ್ಷರದ ಆಕಾರಕ್ಕೆ ಬಗ್ಗಿಸಿ, ಒಳಗಿನ ಗಾಳಿ ತೆಗೆದು ಅನಿಲ ತುಂಬಿ, ಸಾವಿರಾರು ವೋಲ್ಟ್ ಹಾಯಿಸುವ ಕೆಲಸ. ಬರೀ ನಿಯಾನ್ ಕೊಡುವುದು ಕೆಂಪು-ಕಿತ್ತಳೆ ಬೆಳಕು. ನೀಲಿ ಬೇಕಾದರೆ ಆರ್ಗಾನ್ ಜೊತೆ ಚೂರು ಪಾದರಸ ಬೇಕು. ಆ ಕೈಕೆಲಸ ಅಲ್ಲಿಂದ ಹೋಯಿತಲ್ಲ ಅಂತ ನನಗೆ ಬೇಸರವಿದೆ.

ಇನ್ನು ಉಳಿಸುವ ಮಾತು. 60 ಅಡಿ ಅಗಲ, 60 ಅಡಿ ಎತ್ತರದ ಆ ಬೋರ್ಡ್ ಈಗಿನ ರೂಪಕ್ಕೆ ಬಂದಿದ್ದು 1965ರಲ್ಲಿ. 1979ರಲ್ಲಿ ಕರೆಂಟ್ ಉಳಿಸಲು ಆರಿಸಿದರು. 1983ರಲ್ಲಿ ಬಿಚ್ಚಲು ಹೊರಟಾಗ ಊರಿನ ಜನ ಬಿಡಲಿಲ್ಲ, ಅದೇ ವರ್ಷ ಮತ್ತೆ ಬೆಳಗಿತು. ಪೆಟ್ರೋಲ್ ಮೇಲಿನ ಪ್ರೀತಿಗಲ್ಲ. ಬಾಸ್ಟನ್ ಮ್ಯಾರಥಾನ್ ಓಡುವವರಿಗೆ ಆ ಬೋರ್ಡ್ ದಾಟಿದರೆ ಇನ್ನು ಸುಮಾರು ಒಂದೇ ಮೈಲಿ ಬಾಕಿ. ಕಾಲು ಸೋತಾಗ ಅದನ್ನೇ ನೋಡಿಕೊಂಡು ಓಡುತ್ತಾರೆ. 2018ರಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಕೊಡಲು ನಗರದ ಆಯೋಗ ಒಪ್ಪಿದರೂ ಮೇಯರ್ ತಡೆದರು, ಆದರೂ ಬೋರ್ಡ್ ಅಲ್ಲೇ ಇದೆ. ನ್ಯೂಯಾರ್ಕ್‌ನ ನದಿ ದಂಡೆಯ ಪೆಪ್ಸಿ-ಕೋಲಾ ಬೋರ್ಡ್‌ಗೆ ಮಾತ್ರ 2016ರಲ್ಲಿ ಅಂಥ ರಕ್ಷಣೆ ಸಿಕ್ಕಿತು, ಹಿಂದಿದ್ದ ಕಾರ್ಖಾನೆ ಆ ಹೊತ್ತಿಗಾಗಲೇ ನೆಲಸಮವಾಗಿತ್ತು.

ನಮ್ಮ ಹೋರ್ಡಿಂಗ್‌ಗಳ ಕಥೆ ಬೇರೆ. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬಿಬಿಎಂಪಿ ತೆಗೆಸಿದ್ದು ಹೆಚ್ಚಾಗಿ ಫ್ಲೆಕ್ಸ್. ಇವತ್ತು ಒಂದು ಮುಖ, ನಾಳೆ ಇನ್ನೊಂದು. ಅದಕ್ಕೆ ಯಾರು ಅಳುತ್ತಾರೆ? ಆದರೆ ಹಳೇ ಥಿಯೇಟರಿನ, ಹಳೇ ಅಂಗಡಿಯ ಹೆಸರಿನ ಬೋರ್ಡನ್ನು ಅದೇ ಲೆಕ್ಕಕ್ಕೆ ಸೇರಿಸಬೇಡಿ. ಗಾಂಧಿನಗರದ ಕಪಾಲಿ ಥಿಯೇಟರ್ ಕೆಡವಿ ವರ್ಷಗಳೇ ಆದವು. ದಾರಿ ಹೇಳುವಾಗ ನಾನು ಈಗಲೂ 'ಕಪಾಲಿ ಹತ್ತಿರ' ಅಂತೀನಿ. ನೀವೂ ಹಾಗೇ ಅಲ್ವಾ? ನಿಮ್ಮ ಬೀದಿಯಲ್ಲಿ ಅಂಥ ಬೋರ್ಡ್ ಇನ್ನೂ ಇದ್ದರೆ, ಬಿಚ್ಚುವ ಮೊದಲು ಮಾಲೀಕರ ಹತ್ತಿರ ಒಂದು ಮಾತು ಆಡಿ.