ಸಪ್ಲೈ ಚೈನ್ (ಸರಕು ತರಿಸಿ, ದಾಸ್ತಾನಿಟ್ಟು, ಬೇಕಾದಲ್ಲಿಗೆ ತಲುಪಿಸುವ) ಕೆಲಸಕ್ಕೆ ಸೇರುವ ಮುನ್ನ ಏನು ಕಲಿತಿರಬೇಕು?

ಮೊದಲು ಎಕ್ಸೆಲ್ ಮತ್ತು ದಾಸ್ತಾನಿನ ಲೆಕ್ಕ. ಸರ್ಟಿಫಿಕೇಟು ಆಮೇಲೆ ಮಾಡಿಕೊಳ್ಳಬಹುದು.

ಯಾವಾಗ ಮತ್ತೆ ಆರ್ಡರ್ ಹಾಕಬೇಕು ಎಂಬ ಲೆಕ್ಕ ನೋಡಿ: ದಿನಕ್ಕೆ 40 ನಗ ಖರ್ಚು, ಸರಕು ಬರಲು 7 ದಿನ, ಸೇಫ್ಟಿ ಸ್ಟಾಕ್ (ಸರಕು ತಡವಾದರೆ ಇರಲೆಂದು ಇಟ್ಟ ಹೆಚ್ಚುವರಿ) 100. ಅಂದರೆ ದಾಸ್ತಾನು 380ಕ್ಕೆ ಇಳಿದ ಕೂಡಲೇ ಆರ್ಡರ್ ಹೋಗಬೇಕು. ಹೊಸಬರು ಎಡವುವುದು ಆ 7ರಲ್ಲಿ. ಅದು ಪೂರೈಕೆದಾರ ಬಾಯಿಮಾತಲ್ಲಿ ಹೇಳಿದ ಅವಧಿ. ಹಳೆಯ ಆರ್ಡರ್‌ಗಳ ತಾರೀಖನ್ನೂ ಸರಕು ಕೈಸೇರಿದ ತಾರೀಖನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಜಕ್ಕೂ 11 ದಿನ ಹಿಡಿಯುತ್ತಿದ್ದರೆ ಅಷ್ಟು ದಿನದ ಖರ್ಚಿಗೆ 440 ನಗ ಬೇಕು, ಕೈಯಲ್ಲಿರುವುದು 380. ಸೇಫ್ಟಿ ಸ್ಟಾಕೂ ಖಾಲಿಯಾಗಿ ಒಂದೂವರೆ ದಿನ ಕೆಲಸ ನಿಲ್ಲುತ್ತದೆ.

ಶುರುವಿಗೆ ಗೋದಾಮಿನ ಕೆಲಸ ಸಿಕ್ಕರೆ ಬಿಡಬೇಡಿ. ಕಂಪ್ಯೂಟರ್ ತೋರಿಸುವ ಸ್ಟಾಕು ರ‍್ಯಾಕಿನಲ್ಲಿ ಯಾಕಿಲ್ಲ ಎಂಬುದು ಅಲ್ಲೇ ಚೆನ್ನಾಗಿ ಅರ್ಥವಾಗುತ್ತದೆ: ತಡವಾದ ಎಂಟ್ರಿ, ಬೇರೆ ಜಾಗದಲ್ಲಿಟ್ಟ ಸರಕು, ಬಾಕ್ಸನ್ನು ನಗವೆಂದು ಎಣಿಸಿದ್ದು.