ಅಜ್ಜಿಯ ಮಾತೂ ಕಾಪಿಯಾಯಿತು

ಪ್ರಶ್ನೆ: ಮೇಡಂ, ನಾನು ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ. ನಮ್ಮೂರಿನ ಕೃಷಿ ಹೊಂಡಗಳ ಬಗ್ಗೆ ಅಸೈನ್‌ಮೆಂಟ್ ಬರೆದಿದ್ದೆ. ರೂಮ್‌ಮೇಟ್ ‘ಸುಮ್ನೆ ಹೇಗೆ ಬರೆದಿದ್ದೀಯ ನೋಡ್ತೀನಿ, ಕಳಿಸೇ’ ಅಂದಳು. ವಾಟ್ಸಾಪ್ ಮಾಡಿದೆ. ಅವಳು ಊರಿನ ಹೆಸರೊಂದನ್ನು ಬದಲಿಸಿ ಹಾಗೇ ಕೊಟ್ಟುಬಿಟ್ಟಿದ್ದಾಳೆ. ‘ಹೊಂಡ ತುಂಬಿದ ವರ್ಷ ಸಾಲ ಕಮ್ಮಿ ಅಂತಾಳೆ ನಮ್ಮಜ್ಜಿ’ ಅಂತ ನಾನು ಬರೆದ ಸಾಲೂ ಅವಳ ಹಾಳೆಯಲ್ಲಿದೆ! ಈಗ ಇಬ್ಬರಿಗೂ ಸೊನ್ನೆ. ಕಷ್ಟಪಟ್ಟವಳು ನಾನು, ನನ್ನದೇನು ತಪ್ಪು?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಪತ್ರ ಓದಿ ಬೇಜಾರಾಯಿತು. ಬಿಸಿಲಲ್ಲಿ ಹೊಲ ಹೊಲ ಅಲೆದು ಬರೆದವರಿಗೆ ಸೊನ್ನೆ ಬಂದರೆ ಹೊಟ್ಟೆ ಉರಿಯದೇ ಇರುತ್ತಾ? ಆದರೂ ನೇರವಾಗಿ ಹೇಳುತ್ತೇನೆ, ಕಳಿಸಿದ್ದೂ ತಪ್ಪೇ. ಪರೀಕ್ಷೆ ಹಾಲ್‌ನಲ್ಲಿ ಪಕ್ಕದವರಿಗೆ ಉತ್ತರ ತೋರಿಸಿದರೆ ಇಬ್ಬರೂ ಸಿಕ್ಕಿಹಾಕಿಕೊಳ್ಳುತ್ತಾರಲ್ವಾ, ಇಲ್ಲೂ ಅದೇ ಲೆಕ್ಕ. ನಿಮ್ಮ ಮೇಷ್ಟ್ರ ಮುಂದೆ ಇರುವುದು ಒಂದೇ ಥರದ ಎರಡು ಅಸೈನ್‌ಮೆಂಟ್. ಯಾರು ಯಾರದ್ದನ್ನು ನೋಡಿ ಬರೆದರು ಅಂತ ಹಾಳೆ ಹೇಳುವುದಿಲ್ಲ.

ಹಾಗಂತ ಎರಡು ತಪ್ಪಿನ ತೂಕವೂ ಒಂದೇ ಅಂತ ನಾನು ಒಪ್ಪುವುದಿಲ್ಲ. ಅದನ್ನು ತೋರಿಸಿಕೊಡಲು ನಿಮ್ಮ ಹತ್ತಿರ ಬೇಕಾದಷ್ಟಿದೆ. ಹೊಂಡದ ಅಳತೆ ಬರೆದುಕೊಂಡ ನೋಟ್‌ಬುಕ್, ಫೋನಿನಲ್ಲಿರುವ ತಾರೀಕು ಸಮೇತದ ಫೋಟೋಗಳು, ಆ ವಾಟ್ಸಾಪ್ ಮೆಸೇಜು (ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡಿ), ಎಲ್ಲ ಜೋಡಿಸಿಡಿ. ಗೂಗಲ್ ಡಾಕ್ಸ್‌ನಲ್ಲಿ ಟೈಪ್ ಮಾಡಿದ್ದರೆ ಯಾವ ದಿನ ಎಷ್ಟು ಹೊತ್ತಿಗೆ ಏನು ಬರೆದಿರಿ ಅನ್ನುವುದೂ ಅದರ ಹಿಸ್ಟರಿಯಲ್ಲಿ ಸಿಗುತ್ತದೆ. ಆಮೇಲೆ ವಿಭಾಗದ ಮುಖ್ಯಸ್ಥರಿಗೆ ಒಂದೇ ಪುಟದ ಪತ್ರ ಬರೆಯಿರಿ. ‘ಕಳಿಸಿದ್ದು ನಾನೇ, ಅದು ತಪ್ಪಾಯಿತು’ ಅನ್ನುವುದು ಮೊದಲ ಸಾಲಿನಲ್ಲೇ ಬರಲಿ. ಗೆಳತಿಯನ್ನು ಬೈಯುವ ಒಂದು ಮಾತೂ ಬೇಡ. ಕೊನೆಯಲ್ಲಿ, ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಹತ್ತು ನಿಮಿಷ ಪ್ರಶ್ನೆ ಕೇಳಿ ಅಂತ ಕೋರಿಕೊಳ್ಳಿ.

ನಾನು ಪಾಠ ಮಾಡುವಾಗ ಹೀಗೇ ಮಾಡುತ್ತಿದ್ದೆ. ಒಮ್ಮೆ ಇಬ್ಬರು ಹುಡುಗರ ಸರ್ವೆ ಅಚ್ಚು ಹೊಡೆದ ಹಾಗೆ ಒಂದೇ ಥರ ಇತ್ತು. ‘ಈ ಓಣಿಯಲ್ಲಿ ಮೂರು ಮನೆ ಯಾಕೆ ಬಿಟ್ಟಿದ್ದೀರಿ?’ ಅಂತ ಕೇಳಿದೆ. ಒಬ್ಬ ನೆಲ ನೋಡಿದ. ಇನ್ನೊಬ್ಬ ತಡಮಾಡದೆ, ‘ಅವರು ದುಡಿಯೋಕೆ ಗೋವಾಕ್ಕೆ ಹೋಗಿದ್ರು ಮೇಡಂ, ಎರಡು ಸಲ ಹೋದಾಗಲೂ ಬೀಗ ಹಾಕಿತ್ತು’ ಅಂದ. ಅಷ್ಟೇ ಸಾಕಾಯಿತು.

ಪತ್ರ ಕೊಡುವ ಹಿಂದಿನ ರಾತ್ರಿಯೇ ಗೆಳತಿಗೆ ಹೇಳಿಬಿಡಿ, ಅವಳಾಗಿಯೇ ಬಂದು ಒಪ್ಪಿಕೊಳ್ಳುವುದಕ್ಕೆ ಒಂದು ಅವಕಾಶ ಇರಲಿ. ಮುಂದೆ ಯಾರಾದರೂ ಕೇಳಿದರೆ ಪಕ್ಕದಲ್ಲಿ ಕೂತು ಹೇಳಿಕೊಡಿ, ಯಾವ ಪುಸ್ತಕ ನೋಡಬೇಕು ಅಂತ ತಿಳಿಸಿ, ಆದರೆ ಫೈಲ್ ಮಾತ್ರ ಕಳಿಸಬೇಡಿ.

ಪ್ರಶ್ನೆ: 10 ಪರ್ಸೆಂಟ್ ತನಕ ಕಾಪಿ ಮಾಡಬಹುದು ಅಂತ ಯುಜಿಸಿಯೇ ಹೇಳಿದೆಯಂತೆ, ನಿಜವಾ? ನನ್ನ ಕನ್ನಡ ಪ್ರಬಂಧಕ್ಕೆ ಕಾಪಿ ಪತ್ತೆ ಹಚ್ಚುವ ಸಾಫ್ಟ್‌ವೇರ್ 2 ಪರ್ಸೆಂಟ್ ಅಷ್ಟೇ ತೋರಿಸಿದೆ. ಒಂದು ಅಧ್ಯಾಯ ಇಂಗ್ಲಿಷ್ ಲೇಖನದ ಅನುವಾದ, ತೊಂದರೆ ಇಲ್ಲ ತಾನೇ?
– ಸಂಶೋಧನಾ ವಿದ್ಯಾರ್ಥಿ, ಮೈಸೂರು

ಉತ್ತರ: ಕಾಪಿ ಮಾಡಬಹುದು ಅಂತ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಎಲ್ಲೂ ಹೇಳಿಲ್ಲ. 2018ರ ನಿಯಮದಲ್ಲಿ ಇರುವುದು ಸಾಮ್ಯದ ಲೆಕ್ಕ, ಅಂದರೆ ನಿಮ್ಮ ಬರಹ ಬೇರೆಯವರ ಬರಹವನ್ನು ಎಷ್ಟು ಹೋಲುತ್ತದೆ ಅನ್ನುವುದು. 10 ಪರ್ಸೆಂಟ್ ತನಕ ದಂಡ ಇಲ್ಲ. 10ರಿಂದ 40ರ ನಡುವೆ ಇದ್ದರೆ 6 ತಿಂಗಳೊಳಗೆ ತಿದ್ದಿ ಕೊಡಬೇಕು. 40 ದಾಟಿದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವ ಹಾಗಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಮೂಲ ಹೇಳಿ ಉದ್ಧರಿಸಿದ ಸಾಲುಗಳನ್ನು, ಗ್ರಂಥಸೂಚಿಯನ್ನು ಈ ಲೆಕ್ಕದಿಂದ ಬಿಡುತ್ತಾರೆ. ಅಂದರೆ ಮೂಲ ಹೇಳಿದರೆ ನಿಮಗೇನೂ ನಷ್ಟವಿಲ್ಲ.

ಆ 2 ಪರ್ಸೆಂಟ್ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಕನ್ನಡದ ಎಷ್ಟೋ ಹಳೆಯ ಕಡತಗಳು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ಥರ ಓದುವ ಅಕ್ಷರ ಸಂಕೇತಕ್ಕೆ) ಮುಂಚಿನ ‘ನುಡಿ’, ‘ಬರಹ’ ಅನ್ನುವ ಫಾಂಟ್‌ಗಳಲ್ಲಿವೆ. ಅಲ್ಲಿಂದ ಒಂದು ಸಾಲು ತೆಗೆದು ಬೇರೆ ಕಡೆ ಅಂಟಿಸಿ ನೋಡಿ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಕಾಣುತ್ತದೆ. ಸಾಫ್ಟ್‌ವೇರ್ ಓದುವುದೂ ಅದನ್ನೇ. ಇನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ವಾಕ್ಯವನ್ನು ಅದು ಹಿಡಿಯುತ್ತದೆ ಅನ್ನುವ ಭರವಸೆಯೂ ಇಲ್ಲ. ಆದರೆ ಬೇರೆಯವರ ವಿಚಾರವನ್ನು ನಮ್ಮದು ಅಂತ ತೋರಿಸಿದರೆ ಭಾಷೆ ಯಾವುದಾದರೂ ಅದು ಕೃತಿಚೌರ್ಯವೇ. ಕನ್ನಡದಲ್ಲಿ ಬರೆದರೆ ಯಾರಿಗೂ ಗೊತ್ತಾಗಲ್ಲ ಅಂತ ಹುಡುಗರು ಅಂದುಕೊಳ್ಳುವುದು ನನಗೆ ತುಂಬಾ ನೋವಿನ ವಿಷಯ, ಅದು ನಮ್ಮ ಭಾಷೆಯನ್ನೇ ಸಸ್ತಾ ಮಾಡಿದ ಹಾಗೆ. ಮಾರ್ಗದರ್ಶಕರನ್ನು ಈ ವಾರವೇ ಭೇಟಿಯಾಗಿ ನಿಜ ಹೇಳಿ. ಆ ಲೇಖನದ ವಾದವನ್ನು ಲೇಖಕರ ಹೆಸರು ಹೇಳಿ ಎರಡು ಪುಟಕ್ಕೆ ಇಳಿಸಿ. ನೀವು ಒಪ್ಪುವುದೇನು, ಒಪ್ಪದಿರುವುದೇನು, ಅದನ್ನು ಉಳಿದ ಪುಟಗಳಲ್ಲಿ ಬರೆಯಿರಿ.

ಪ್ರಶ್ನೆ: ಚಾಟ್‌ಜಿಪಿಟಿ ಬಳಸಬಹುದಾ?
– ಬಿ.ಕಾಂ. ವಿದ್ಯಾರ್ಥಿ, ತುಮಕೂರು

ಉತ್ತರ: ನಿಮ್ಮ ಕೋರ್ಸಿನ ಮೇಷ್ಟ್ರನ್ನೇ ಬರೆಯುವ ಮೊದಲು ಕೇಳಿ, ಆದರೆ ಇಮೇಲ್‌ನಲ್ಲಿ ಕೇಳಿ, ಉತ್ತರ ಉಳಿದಿರಲಿ. ಬಿಡಿ ಅಂದರೆ ಬಿಟ್ಟುಬಿಡಿ. ಬಳಸಿ ಅಂದರೆ ಎಲ್ಲಿ, ಯಾವುದಕ್ಕೆ ಬಳಸಿದಿರಿ ಅಂತ ಅಸೈನ್‌ಮೆಂಟ್‌ನಲ್ಲೇ ಬರೆಯಿರಿ. ಇನ್ನೊಂದು ವಿಷಯ, ಇಲ್ಲದ ಪುಸ್ತಕಗಳ ಹೆಸರನ್ನೂ ಅದು ಧೈರ್ಯವಾಗಿ ಹೇಳಿಬಿಡುತ್ತದೆ. ಅದು ಕೊಟ್ಟ ಒಂದೊಂದು ಪುಸ್ತಕವನ್ನೂ ಲೈಬ್ರರಿಯಲ್ಲಿ ಹುಡುಕಿ, ಪುಟ ತೆಗೆದು ನೋಡಿ. ಸಿಗದಿದ್ದರೆ ಆ ಸಾಲನ್ನೇ ತೆಗೆದುಹಾಕಿ.